ಗರಿಮಾಳ ಪೂರ್ವಪಕ್ಷ

ಆಗಸ್ಟ್ ೨೦, ೨೦೧೧, ಬೆಳಿಗ್ಗೆ ೬.೪೦

ನಡಿಗೆ ಆಯಿತು. ಬೂತಿನಿಂದ ಹಾಲು ತಂದದ್ದೂ ಆಯಿತು. ಪಾರ್ಕಿನಲ್ಲಿ ಯೋಗಾಸನದವರು ಕಡಿಮೆ, ಬಿಳಿ ಟೋಪಿಯವರು ಹೆಚ್ಚು. ಪಕ್ಕದ ಮನೆಯ ಕೊಹ್ಲಿ ತನ್ನ ನಾಯಿಯ ಕೊರಳಿಗೂ ತ್ರಿವರ್ಣದ ಪಟ್ಟಿ ಕಟ್ಟಿದ್ದಾನೆ. ಭ್ರಷ್ಟಾಚಾರದ ವಿರುದ್ಧ ರಾಮಲೀಲಾ ಮೈದಾನದಲ್ಲಿ ನಡೆದಿರುವ ಉಪವಾಸಕ್ಕೆ ಇಂದು ಎರಡನೆಯ ದಿನ. ಇಡೀ ದೆಹಲಿಗೆ ಲೋಕಪಾಲ ಜ್ವರ.

ಗರಿಮಾ ಕೂಡ ಅಲ್ಲಿ. ಇಪ್ಪತ್ತೈದು ವರ್ಷದ ಮಗಳು, ಕಾನೂನು ಓದಿದವಳು, ಸ್ವಯಂಸೇವಕಿಯ ಬಿಲ್ಲೆ ತೊಟ್ಟು ನೀರಿನ ಪೊಟ್ಟಣ ಹಂಚುತ್ತಿದ್ದಾಳೆ. ನಿನ್ನೆ ಊಟದ ಹೊತ್ತಿಗೆ ಹೇಳಿದಳು: “ಪಾಪಾ, ಜೀವನದಲ್ಲಿ ಮೊದಲ್ನೇ ಸಲ ಅನ್ನಿಸ್ತು, ಇಲ್ಲಿರೋರೆಲ್ಲ ನನ್ನ ಥರಾನೇ ಯೋಚಿಸ್ತಿದಾರೆ ಅಂತ.”

ಚಮಚದಿಂದ ಲೋಟವನ್ನು ಎರಡು ಸಲ ತಟ್ಟಿದೆ. ಒಂದು ತಟ್ಟಿದರೆ ಎಚ್ಚರಿಕೆ, ಎರಡು ತಟ್ಟಿದರೆ ಸಮಯ ಮುಗಿಯಿತು — ಕಾಲೇಜಿನ ಚರ್ಚಾಕೂಟದಿಂದ ನಾನು ಈ ಮನೆಗೆ ತಂದ ಪದ್ಧತಿ.

ಪತ್ರಿಕೆಯವರು ಈ ಉಪವಾಸದ ಬಗ್ಗೆ ಸಾವಿರದ ಇನ್ನೂರು ಪದ ಕೇಳಿದ್ದಾರೆ. ಬೇಕಾದ ವಾಕ್ಯ ಸಿಕ್ಕಿತು.

ಆಗಸ್ಟ್ ೨೩, ಮಧ್ಯಾಹ್ನ

ಪ್ರಕಟವಾಯಿತು. ‘ಕನ್ನಡಿಯ ಮುಂದೆ ಜನಸಮೂಹ.’ ಬೆಳಗಿನಿಂದ ಫೋನ್ ನಿಂತಿಲ್ಲ. ಬೈಗುಳವೇ ಹೆಚ್ಚು, ಹೊಗಳಿದವರು ಮಾತ್ರ ಓದಿ ಹೊಗಳಿದವರು. ಯಾರೂ ಆರಿಸದ ಒಬ್ಬ ಕಾವಲುಗಾರನನ್ನು ಎಲ್ಲರೂ ಆರಿಸಿದ ಸಭೆಯ ತಲೆಯ ಮೇಲೆ ಕೂರಿಸಬೇಡಿ. ಉಪವಾಸಕ್ಕೆ ಇಂದು ಮಣಿದ ಸಂಸತ್ತು ನಾಳೆ ದುಷ್ಟ ಬೇಡಿಕೆಗೂ ಮಣಿಯಬೇಕಾದೀತು. ಆ ಜನಸಾಗರದಲ್ಲಿ ಚರಂಡಿಗೆ ಇಳಿಯುವವನ ದನಿ ಎಲ್ಲಿದೆ? — ಇವು ನನ್ನ ಮೂರು ವಾದ. ಒಂದಕ್ಕೂ ಉತ್ತರ ಬಂದಿಲ್ಲ.

ಎಲ್ಲರಿಗೂ ಹಿಡಿಸಿದ್ದು ಮಾತ್ರ ನಾಲ್ಕನೆಯ ಪ್ಯಾರಾ. “ಎಲ್ಲರೂ ನನ್ನಂತೆಯೇ ಯೋಚಿಸುತ್ತಿದ್ದಾರೆ ಎಂದು ಒಬ್ಬಳು ಯುವತಿ ನನ್ನೆದುರು ಪುಳಕಗೊಂಡಳು. ಎಲ್ಲರೂ ನಿನ್ನಂತೆ ಕಾಣುವ ಜಾಗ ಜನತೆಯಲ್ಲ, ಮಗೂ, ಅದು ಕನ್ನಡಿ.” ಹಳೆಯ ವಿದ್ಯಾರ್ಥಿಯೊಬ್ಬ ಈ ವಾಕ್ಯವನ್ನು ಫೋನಿನಲ್ಲಿ ಬಾಯಿಪಾಠ ಒಪ್ಪಿಸಿದ.

ಕೊಹ್ಲಿ ಗೇಟಿನ ಆಚೆಯಿಂದ, “ಪ್ರೊಫೆಸರ್ ಸಾಹೇಬ್ರಿಗೆ ಪದ್ಮಶ್ರೀ ಈ ವರ್ಷಾನೋ, ಮುಂದಿನ ವರ್ಷಾನೋ?” ಎಂದ.

ಹೆಂಡತಿ ಸುದೇಶ್ ಪತ್ರಿಕೆ ಮಡಚಿಟ್ಟು ರೊಟ್ಟಿ ಲಟ್ಟಿಸಲು ಹೋದಳು. ಹೋಗುತ್ತಾ ಹೇಳಿದಳು: “ಆ ‘ಒಬ್ಬಳು ಯುವತಿ’ಗೆ ಈ ಮನೇಲಿ ಒಂದು ಹೆಸರಿತ್ತು.”

ಆಗಸ್ಟ್ ೨೪

ಗರಿಮಾ ಬಂದಳು. ನಾಲ್ಕು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡಳು. ಗೆಳತಿ ತರನ್ನುಮ್‌ಳ ಕೋಣೆ ಲಕ್ಷ್ಮೀನಗರದಲ್ಲಿದೆ, ಮೈದಾನಕ್ಕೆ ಹತ್ತಿರವಂತೆ. ಜಗಳವಿಲ್ಲ. ಒಂದೇ ಪ್ರಶ್ನೆ: “ಪಾಪಾ, ಮಿಕ್ಕಿದ್ದು ಎಲ್ಲಿ?”

ಪದಮಿತಿ ಇತ್ತು ಎಂದೆ.

ತಲೆಯಾಡಿಸಿದಳು, ಸೋತ ತಂಡದ ನಾಯಕಿ ತೀರ್ಪುಗಾರರಿಗೆ ತಲೆಯಾಡಿಸುವಂತೆ. ಹೋದಳು.

ಆಗಸ್ಟ್ ೨೯

ಉಪವಾಸ ನಿನ್ನೆ ಮುಗಿಯಿತು. ಮೈದಾನ ಖಾಲಿ. ಅವಳು ಬರಲಿಲ್ಲ. ಫೋನ್ ಮಾಡಿ ಎಂದು ಸುದೇಶ್ ಎರಡು ಸಲ ಹೇಳಿದಳು. ಮಾಡುವುದಿಲ್ಲ. ಉತ್ತರಿಸುವ ಹಕ್ಕು ಅವಳದು, ಬಂದು ಬಳಸಿಕೊಳ್ಳಲಿ.

ಸೆಪ್ಟೆಂಬರ್ ೫

ಅವಳಿಗೆ ಜ್ವರವಂತೆ. ತಾಯಿಗೆ ಮೆಸೇಜು: ವೈರಲ್ ಇರಬೇಕು, ಭಾನುವಾರ ಬರುತ್ತೇನೆ. ಸುದೇಶ್ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿದ್ದಳು. ನಾನು ತಡೆದೆ. ಬೆಳೆದ ಮಗಳ ಹಿಂದೆ ಓಡಬಾರದು. ಭಾನುವಾರ ಎಂದಿದ್ದಾಳೆ, ಭಾನುವಾರ ಬರುತ್ತಾಳೆ ಎಂದೆ.

ಸೆಪ್ಟೆಂಬರ್ ೨೭

ಡೆಂಗ್ಯೂ. ಏಳರಂದು ಕೋಣೆಯಲ್ಲಿ ಬಿದ್ದಳು. ಹತ್ತರಂದು, ಶನಿವಾರ, ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಎರಡು ದಿನ ಮೊದಲೇ ತಂದಿದ್ದರೆ, ಎಂದು ಡಾಕ್ಟರ್ ಆರಂಭಿಸಿ ಅಲ್ಲಿಗೇ ನಿಲ್ಲಿಸಿದರು. ಸಭ್ಯ ಮನುಷ್ಯ.

ಐದನೆಯ ತಾರೀಖಿನ ಪುಟವನ್ನು ಹರಿಯಲು ಹೋದೆ. ಹರಿಯಲಿಲ್ಲ. ಸಾಕ್ಷ್ಯವನ್ನು ನಾಶಮಾಡಬಾರದು.

ಸೆಪ್ಟೆಂಬರ್ ೩೦, ಬೆಳಿಗ್ಗೆ

ನಡಿಗೆಗೆ ಹೋದೆ. ಕೊಹ್ಲಿ ನನ್ನನ್ನು ಕಂಡು ನಾಯಿಯನ್ನು ಎಳೆದುಕೊಂಡು ಪಕ್ಕಕ್ಕೆ ಸರಿದ, ಕೈ ಮುಗಿದ. ಈಗ ಅವನು ಹಂಗಿಸುವುದಿಲ್ಲ. ಹಂಗಿಸಬಾರದೇ...

ಆಗಸ್ಟ್ ೨೦ರ ಪುಟ ಮತ್ತೆ ಓದಿದೆ. ಯಾರೂ ಓದದ ಈ ಪುಸ್ತಕದಲ್ಲಿಯೂ ನಾನು ಅರ್ಧವನ್ನೇ ಬರೆದಿದ್ದೇನೆ. ಇಲ್ಲಿ ಯಾವ ಪದಮಿತಿ ಇತ್ತು?

ಲೋಟ ತಟ್ಟಿದ ಮೇಲೂ ಗರಿಮಾ ನಿಲ್ಲಿಸದೆ ಮಾತು ಮುಗಿಸಿದ್ದಳು. ಎದ್ದು ಬಾಗಿಲ ಬಳಿ ಹೋಗಿ ಹೇಳಿದ್ದಳು: “ಅದೇ ನಂಗೆ ಭಯ, ಪಾಪಾ. ಎಲ್ಲರೂ ಒಂದೇ ಥರ ಯೋಚಿಸೋ ಕಡೆ ಕನ್ನಡಿ ಮುಂದೆ ನಿಂತ ಹಾಗಿರತ್ತೆ. ಅದಕ್ಕೇ ಈಗ ಮತ್ತೆ ಹೋಗ್ತಿದೀನಿ, ನಾಳೆನೂ ಹೋಗ್ತೀನಿ. ಬೇರೆ ಥರ ಯೋಚಿಸೋಳು ಒಬ್ಬಳಾದ್ರೂ ಅಲ್ಲಿರ್ಬೇಕಲ್ಲ.”

ಕನ್ನಡಿ ಅವಳದು. ಅವಳಿಂದ ಕಿತ್ತುಕೊಂಡು, ಅವಳ ಮುಖಕ್ಕೇ ಹಿಡಿದೆ. ದೇಶ ಚಪ್ಪಾಳೆ ತಟ್ಟಿತು.

ಅಕ್ಟೋಬರ್ ೨

ತರನ್ನುಮ್ ಬಂದಿದ್ದಳು. ಗರಿಮಾಳ ಬಟ್ಟೆ, ಬಿಲ್ಲೆ, ಚಾರ್ಜರ್ ಒಂದು ಚೀಲದಲ್ಲಿ. ಸುದೇಶ್ ಚಹಾ ಕೊಟ್ಟಳು. ಹುಡುಗಿ ಲೋಟ ಹಿಡಿದು ಕೂತಳು, ಕುಡಿಯಲಿಲ್ಲ.

ಅವಳೇ ತಿಳಿಸಿದ್ದು. ನನ್ನ ಲೇಖನ ಬಂದ ಸಂಜೆ ಸ್ವಯಂಸೇವಕರು ಗುಡಾರದಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕರಂತೆ. ಗರಿಮಾ ನೀರಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ನಗುವ ಮೊದಲು ಇವರ ಮಾತೇನೆಂದು ಕೇಳಿ ಎಂದು ನನ್ನ ಮೂರೂ ವಾದಗಳನ್ನು ಒಂದೊಂದಾಗಿ ಮಂಡಿಸಿದಳಂತೆ. ಕೂಗಿ ಕೂರಿಸಲು ನೋಡಿದರು. ಕೂರಲಿಲ್ಲ. ಮುಗಿಸಿದ ಮೇಲೆಯೇ ತನ್ನ ಉತ್ತರ ಹೇಳಿದಳು.

“ಅಂಕಲ್, ನಿಮಗಿಂತ ಚೆನ್ನಾಗಿ ಹೇಳಿದ್ಲು,” ಎಂದಳು ತರನ್ನುಮ್. “ಆಮೇಲೆ ನಾನು ಕೇಳ್ದೆ, ಯಾಕೆ ಅವರ ಪರ ಅಷ್ಟು ಹೊತ್ತು ಮಾತಾಡ್ದೆ ಅಂತ. ನಮ್ಮನೇಲಿ ಇದೇ ರೂಲು, ಎದುರಾಳಿ ‘ಹೌದು, ನಾನು ಹೇಳಿದ್ದು ಇದೇ’ ಅನ್ನೋ ತನಕ ಖಂಡಿಸೋ ಹಾಗಿಲ್ಲ, ಅಂದ್ಲು.”

ಆ ನಿಯಮ ನಾನು ಮಾಡಿದ್ದು. ಅವಳಿಗೆ ಎಂಟು ವರ್ಷ ಆಗ. ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಪೂರ್ತಿ ಹೇಳದವನಿಗೆ ತನ್ನ ಸಿದ್ಧಾಂತ ಹೇಳುವ ಅಧಿಕಾರವಿಲ್ಲ ಎಂದು ಇದೇ ಮೇಜಿನ ಮುಂದೆ ಬೆರಳೆತ್ತಿ ಕಲಿಸಿದ್ದೆ. ಮರೆತು ಅಡುಗೆಮನೆಗೆ ಓಡಿದರೆ ಕರೆದು ಕೂರಿಸುತ್ತಿದ್ದೆ.

ಜ್ವರ ಬಂದಾಗ ಮನೆಗೆ ಹೋಗು ಎಂದು ನೀನು ಹೇಳಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

“ಹೇಳ್ದೆ ಅಂಕಲ್. ಪಾಪಾ ಕರೀಲಿ, ಹೋಗ್ತೀನಿ ಅಂದ್ಲು.”

ಅಕ್ಟೋಬರ್ ೯

ನನ್ನ ಪ್ರಬಂಧ ಸಂಕಲನದ ಪ್ರೂಫ್ ಬಂದಿದೆ. ಶೀರ್ಷಿಕೆಯೇ ಆ ಲೇಖನದ್ದು. ರಕ್ಷಾಪುಟದಲ್ಲಿ ಒಂದು ಕನ್ನಡಿ. ಹಿಂಬದಿಯಲ್ಲಿ ನಾಲ್ಕನೆಯ ಪ್ಯಾರಾ, ದಪ್ಪಕ್ಷರದಲ್ಲಿ.

ನನ್ನ ಮೂರು ವಾದಗಳನ್ನು ಇಂದೂ ಹಿಂತೆಗೆದುಕೊಳ್ಳಲಾರೆ. ದುಃಖ ಒಂದು ತರ್ಕವಲ್ಲ. ಅವಳೇ ಇದ್ದಿದ್ದರೂ ಹಾಗೆ ಹಿಂತೆಗೆದುಕೊಳ್ಳಲು ಬಿಡುತ್ತಿರಲಿಲ್ಲ. ಆದರೆ ಸರಿಯಾದ ವಾದವನ್ನು ಗೆಲ್ಲಿಸಲು ನಾನು ಕಳ್ಳತನ ಮಾಡಿದೆ — ಭ್ರಷ್ಟಾಚಾರದ ಕುರಿತ ಲೇಖನದಲ್ಲಿ. ಇದನ್ನು ಹಿಡಿಯಲು ಯಾವ ಲೋಕಪಾಲನೂ ಬೇಕಾಗಿರಲಿಲ್ಲ. ಅವಳು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದಳು.

ಅಕ್ಟೋಬರ್ ೧೧, ಬೆಳಿಗ್ಗೆ ೧೧

ಪ್ರಕಾಶನದ ಸಂಪಾದಕ ಮಲ್ಹೋತ್ರಾಗೆ ಫೋನ್ ಮಾಡಿ, ನಾಲ್ಕನೆಯ ಪ್ಯಾರಾ ಬದಲಾಗುತ್ತದೆ, ಆ ಯುವತಿಯ ಮಾತು ಪೂರ್ತಿ ಬರಬೇಕು, ಕನ್ನಡಿಯ ಉಪಮೆ ಅವಳದೆಂದೂ ಬರಬೇಕು ಎಂದೆ.

ಆತನಿಗೆ ಗಾಬರಿ. “ಸರ್, ಪುಸ್ತಕ ನಿಂತಿರೋದೇ ಆ ವಾಕ್ಯದ ಮೇಲೆ. ಅದನ್ನ ಅವಳ ಬಾಯಿಗೆ ಕೊಟ್ರೆ ನಿಮ್ಮ ಲೇಖನ ಬಿದ್ದೋಗತ್ತೆ.”

ಬೀಳಲಿ ಎಂದೆ.

“ಆಂದೋಲನದೋರು ಕುಣಿದಾಡ್ತಾರೆ, ಸರ್.”

ಕುಣಿಯಲಿ ಎಂದೆ. ಹಾಗಾದರೆ ನಾಳೆ ಸಂಜೆಯೊಳಗೆ ಪುಟ ಕಳುಹಿಸಿ, ಅಚ್ಚಿಗೆ ಹೋಗುತ್ತದೆ ಎಂದ. ಆ ಯುವತಿ ಯಾರೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಕ್ಟೋಬರ್ ೧೨, ಮಧ್ಯಾಹ್ನ ೩

ಬೆಳಗಿನಿಂದ ಐದು ಕರಡು. ನಿಯಮದಂತೆ ಎದುರಾಳಿ ಒಪ್ಪಬೇಕು. ಎದುರಾಳಿ ಇಲ್ಲ. ಸುದೇಶ್‌ಳನ್ನು ಗರಿಮಾಳ ಕುರ್ಚಿಯಲ್ಲಿ ಕೂರಿಸಿ ಓದಿದೆ.

ಮೊದಲನೆಯದಕ್ಕೆ ಅಲ್ಲ ಎಂದು ತಲೆಯಾಡಿಸಿದಳು. ಎರಡನೆಯದಕ್ಕೂ. “ಆಂದೋಲನದ ಏಕರೂಪತೆಯ ಅಪಾಯವನ್ನು ಒಳಗಿನಿಂದಲೇ ಗುರುತಿಸಿದ ಯುವತಿಯೊಬ್ಬಳು...” ಎಂದು ಮೂರನೆಯದನ್ನು ಆರಂಭಿಸುತ್ತಿದ್ದಂತೆ ಚಮಚ ಎತ್ತಿ ಲೋಟವನ್ನು ಎರಡು ಸಲ ತಟ್ಟಿದಳು. ಮೂವತ್ತು ವರ್ಷದಲ್ಲಿ ಅವಳು ಆ ಚಮಚ ಮುಟ್ಟಿದ್ದು ಇದೇ ಮೊದಲು.

ನಾಲ್ಕು ಮತ್ತು ಐದನ್ನು ಕೇಳಿ ಎದ್ದುಬಿಟ್ಟಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದಳು: “ಹೀಗೆಲ್ಲ ಹೇಳಲಿಲ್ಲ ಜೀ ಅವಳು. ಶೂ ಲೇಸ್ ಕಟ್ಕೊಳ್ತಾ ಹೇಳಿದ್ಲು. ನಗ್ತಾ ಇದ್ಲು. ನೀವು ತಟ್ಟೆ ನೋಡ್ತಿದ್ರಿ.”

ಮೂರೂವರೆ. ಹೊಸ ಹಾಳೆ. ಐದಕ್ಕೆ ಮಲ್ಹೋತ್ರಾನ ಆಳು ಬರುತ್ತಾನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಕೈ ಒಪ್ಪುತ್ತದೆಯೋ ಎಂದು —

ಆಗಸ್ಟ್ ಹತ್ತೊಂಬತ್ತರಂದು ಬಾಗಿಲ ಬಳಿ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಾ, ನಗುತ್ತಾ, ನನ್ನ ಮಗಳು ಗರಿಮಾ