ಬನ್ನಿಗೆ ಸವರುವ ಬೆಣ್ಣೆಯಷ್ಟು

ಹಿಬಾರಾ
೯ ಮಾರ್ಚ್ ೨೦೧೧

ಪ್ರೀತಿಯ ಓಸ್ಮೆಲ್ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಅಮೃತಶಿಲೆ ಕೊಯ್ಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅಮ್ಮ ದಿನಕ್ಕೆ ಎರಡು ಸಲ ನನ್ನನ್ನೇ ಕೇಳುತ್ತಾಳೆ, ನಾನೇನೋ ಆ ದ್ವೀಪದಲ್ಲಿ ನಿನ್ನ ಪಕ್ಕ ನಿಂತಿರುವ ಹಾಗೆ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ಮಾತ್ರ ಊದಿಕೊಂಡಿದೆ.

ಅದು ಊದಿದ್ದು ಹೇಗೆಂದು ಫೋನಿನಲ್ಲಿ ಕೇಳಿದ್ದೀಯ. ಹೋದ ವಾರ ಮಂಗಳವಾರ ಬೆಳಗ್ಗೆ ಪಕ್ಕದ ಮನೆಯ ಎವೇಲಿಯೊ ಎಂದಿನಂತೆ ಅವಳನ್ನು ನಿನ್ನ ರಿಕಿಂಬಿಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗುಡ್ಡದ ಮೇಲಿನ ಆಸ್ಪತ್ರೆಗೆ, ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟ. ಅರ್ಧ ಏರಿನಲ್ಲಿ ಎಂಜಿನ್ನು ಕಿರುಚುತ್ತಿದೆ, ಚಕ್ರ ಮಾತ್ರ ಮುಂದೆ ಹೋಗುತ್ತಿಲ್ಲ. ಸೊಳ್ಳೆಗೆ ಹೊಗೆ ಹಾಕುವ ಯಂತ್ರದಿಂದ ಕಿತ್ತು ಸೈಕಲ್ಲಿಗೆ ಕಟ್ಟಿದ ಎಂಜಿನ್ನಲ್ಲವೇ, ಸದ್ದಿಗೇನು ಬರ. "ಎವೇಲಿಯೊ, ಮಗು ಅಳ್ತಿದೆ, ಎತ್ಕೊಳ್ಳೋ!" ಎಂದು ಕ್ಷೌರದಂಗಡಿಯವರೆಲ್ಲ ನಕ್ಕರು. ಅಮ್ಮ ಇಳಿದು, ಬಿಸಿಲಲ್ಲಿ ಉಳಿದ ಏರನ್ನು ನಡೆದೇ ಹತ್ತಿದಳು.

ಅಣ್ಣಾ, ಹೋಗುವ ಮುನ್ನ ನೀನು ಎಂಜಿನ್ನಿನ ಗೇರಿನ ಮುಚ್ಚಳ ಬಿಚ್ಚಿ ಪಾಠ ಹೇಳಿಕೊಟ್ಟದ್ದು ಎವೇಲಿಯೊಗೆ. "ಗೇರಿಗೆ ಗ್ರೀಸು ತೆಳ್ಳಗಿರ್ಲಿ, ಪಡಿತರದ ಬನ್ನಿಗೆ ಅಮ್ಮ ಬೆಣ್ಣೆ ಸವರೋ ಹಾಗೆ. ಕ್ಲಚ್ಚಿಗೆ ಒಂದು ಹನೀನೂ ತಾಗ್ಬಾರ್ದು ಕಣೋ, ಜಾರುತ್ತೆ." ನಾನು ಎರಡು ಹೆಜ್ಜೆ ಆಚೆ, ಪುಸ್ತಕ ಮುಚ್ಚಿಟ್ಟು ನಿಂತಿದ್ದೆ. ನೀನು ತಿರುಗಿ ನೋಡಲಿಲ್ಲ. ಈಗ ನಿನ್ನ ಕಾಗದ ಬಂದರೆ ಮೊದಲ ಸಾಲು ಅವನಿಗೆ, ಅಮ್ಮ ಮಾಡಿದ ಮೊದಲ ಕಾಫಿಯೂ ಅವನಿಗೆ. "ಅವ್ನ ಕೈಯಲ್ಲಿ ದೇವ್ರಿದಾನೆ ಕಣೇ, ನಿನ್ ಕೈಯಲ್ಲಿ ಬರೀ ಹಾಳೆ" ಎನ್ನುತ್ತಾಳೆ. ನಾಲ್ಕು ವರ್ಷ ಸಾಹಿತ್ಯ ಓದಿದವಳು ನಾನು, ಅವನ ಕಾಫಿ ಲೋಟ ತೊಳೆದಿಡುತ್ತೇನೆ.

ಸಂಜೆ ಅವನು ಅಂಗಳದಲ್ಲಿ ಮುಚ್ಚಳ ಬಿಚ್ಚಿದ. ಒಳಗೆಲ್ಲ ಗ್ರೀಸು ತುಂಬಿ, ಕಾದು ಕರಗಿ, ಕ್ಲಚ್ಚಿಗೆ ಇಳಿದಿತ್ತು. ಅವನು ಒಮ್ಮೆ ನನ್ನ ಉಗುರು ನೋಡಿದ. ಆಮೇಲೆ, "ನನ್ದೇ ತಪ್ಪು ಅತ್ತೆ, ಕೈ ಜಾಸ್ತಿ ಆಯ್ತು" ಎಂದ. ಗಾಡಿ ಕೆಡಿಸಿದರೆ ವಾಪಸ್ ತಗೋ ಎಂದು ಹೋಗುವಾಗ ನೀನು ಹೇಳಿದಂತೆ, ಅದರ ಸರಪಳಿ ಬೀಗದ ಕೀಲಿಯನ್ನು ಅವನಿಂದ ಇಸಿದುಕೊಂಡಿದ್ದೇನೆ. ಅಂಗಿಗೆ ಒರೆಸಿ ಕೊಟ್ಟ. ಅಮ್ಮ ಈಗ ದಿನವೂ ಕುಂಟುತ್ತ ನಡೆಯುತ್ತಾಳೆ.

ಅಮ್ಮನ ಆಶೀರ್ವಾದ ನಿನ್ನ ತಲೆ ಮೇಲಿರಲಿ. ಬಟ್ಟೆ ಕಟ್ಟಿಕೊ.

ನಿನ್ನ ತಂಗಿ
ಲಿಸ್ವೆತ್

ತಾ.ಕ.: ಅಂಚೆಯವಳು ಬಾಗಿಲಲ್ಲಿ ನಿಂತಿದ್ದಾಳೆ. ಗ್ರೀಸು ತುಂಬಿದ್ದು ನಾನು, ಹಿಂದಿನ ದಿನ ಸೋಮವಾರ, ಅವನು ಊಟಕ್ಕೆ ಹೋದಾಗ. ಅವನಿಗಿಂತ ಚೆನ್ನಾಗಿ ಮಾಡಿ ತೋರಿಸಲು ಎಂದುಕೊಂಡಿದ್ದೆ. ಅದೂ ಸುಳ್ಳು, ಹೊಟ್ಟೆಕಿಚ್ಚಿಗೆ ಮಾಡಿದ್ದು. ತಪ್ಪು ಹೊತ್ತುಕೊಳ್ಳುವುದರಲ್ಲೂ ಅವನೇ ಗೆದ್ದನಲ್ಲ, ಅದಕ್ಕೂ ಉರಿಯುತ್ತಿದೆ. ಕೀಲಿಯನ್ನು ಈಗಲೇ ಅವನಿಗೆ ಕೊಟ್ಟು, ಅಮ್ಮನಿಗೂ ಹೇಳುತ್ತೇನೆ. ಮುಂದಿನ ಕಾಗದದ ಮೊದಲ ಸಾಲು ಬೈಗುಳವಾದರೂ ಸರಿ, ನನಗೆ ಬರೆ.