ವಿಶ್ವನಾಥಪ್ಪನ ಪಾಲು

ನಾಸಿಕ್
ಏಪ್ರಿಲ್ 5, 2026, ಪಾಸ್ಕ ಹಬ್ಬದ (ಈಸ್ಟರ್) ಭಾನುವಾರ

ಸೌ. ಅನುರಾಧಾಗೆ,

ಹರಿದು ಹಾಕುವುದಿದ್ದರೆ ಓದಿ ಹರಿ. ಮೊದಲು ಖರ್ಚು ಹೇಳಿಬಿಡುತ್ತೇನೆ: ಮೂವತ್ತೆಂಟು ಊಟ, ನನ್ನ ಮೈಯ ಒಂಬತ್ತು ಕಿಲೋ, ಇಬ್ಬರು ಡಾಕ್ಟರರ ತಾಳ್ಮೆ.

ನೀನು ಹೋದ ಮೇಲೆ ನಮ್ಮ ಖಾನಾವಳಿಗೆ ಸುಧೀರ ಎಂಬ ತಿಂಗಳ ಗಿರಾಕಿ ಬಂದ. ಬೀದರ್ ಕಡೆಯ ಕ್ಯಾಥೊಲಿಕ್, ಸಿನ್ನರ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಬಂದು, ತಪಸ್ಸುಕಾಲದ ನಲವತ್ತು ದಿನ, ಭಾನುವಾರ ಬಿಟ್ಟು, ಮಧ್ಯಾಹ್ನದ ಡಬ್ಬಿ ಬೇಡ, ರೊಕ್ಕ ಮುರಿಯಬೇಡಿ, ಆ ಊಟ ಹಸಿದು ಬಂದವರಿಗೆ ನೀಡಿ ಎಂದ. ನಮಗೆ ವಿಭೂತಿಯೂ ಹೊಸದಲ್ಲ, ಉಪವಾಸವೂ ಹೊಸದಲ್ಲ. ಹೊಟ್ಟೆ ಕಟ್ಟಿದ ಪುಣ್ಯ ನಿನ್ನದು, ಊಟದ ಚಿಂತೆ ನನಗೆ ಬಿಡು ಎಂದೆ.

“ಹಂಗಲ್ರಿ ಸಾವ್ಕಾರ್ರ,” ಅಂದ. “ಬರೇ ನಾ ಬಿಟ್ರ ಅದು ಡಯಟಿಂಗ್ ಆಯ್ತು. ನನ್ನ ಪಾಲು ಇನ್ನೊಬ್ಬನ ಹೊಟ್ಟಿಗಿ ಮುಟ್ಟಿದಾಗ ಉಪಾಸ ಆಗ್ತದ. ದೇವರು ಹಸಕೊಂಡು ಕುಂತಿರೋದು ಅಲ್ಲೇ ರಿ.”

ನಾನು ಆ ಊಟವನ್ನು ದಿನಾ ಬೇರೆ ಗಿರಾಕಿಗೆ ಮಾರಿದೆ. ಮೊದಲ ದಿನವೇ ನನಗೆ ಹಸಿವು ಹತ್ತಿತು. ಎಂಟು ರೊಟ್ಟಿ ಉಂಡರೂ ಒಳಗೆ ಏನೂ ಬಿದ್ದಂತಾಗಲಿಲ್ಲ. ದಿನಗಳೆದಂತೆ ಅಂಗಿ ಸಡಿಲವಾಯಿತು. ಒಂದೇ ಹೊತ್ತು ಉಣ್ಣುವ ಸುಧೀರನ ಗಲ್ಲ ಮಾತ್ರ ತುಂಬುತ್ತಿತ್ತು.

ದಿನಾ ಸಂಜೆ ಅವನದೊಂದೇ ಪ್ರಶ್ನೆ: “ಇವತ್ತು ಯಾರು ಉಂಡ್ರು?” ನಾನೊಬ್ಬನನ್ನು ಹುಟ್ಟಿಸಿದೆ. ವಿಶ್ವನಾಥಪ್ಪ, ನಿಫಾಡ್‌ನ ದ್ರಾಕ್ಷಿ ತೋಟದ ಕೂಲಿ. ಬಾಯಲ್ಲಿ ಹಲ್ಲಿಲ್ಲ, ಎಡಗೈಯಲ್ಲಿ ಉಣ್ಣುತ್ತಾನೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತೇನೆ ಎಂದೂ ಸೇರಿಸಿದೆ.

ಐದನೆಯ ವಾರ ಸುಧೀರ ತಾಟಿಗೆ ಕೈ ಹಚ್ಚದೆ ಕುಳಿತ. “ನಿಮ್ಮ ವಿಶ್ವನಾಥಪ್ಪ ಚರ್ಚಿನ ಮೆಟ್ಟಿಲ ಮ್ಯಾಲ ಸಿಕ್ಕಿದ್ದ ರಿ. ಬೂದಿ ಬುಧವಾರದಿಂದ ಏನೂ ಉಂಡಿಲ್ಲಂತ. ಸಾವ್ಕಾರ್ರಿಗಿ ಹೇಳು ಅಂದ.”

ಶುಭ ಶುಕ್ರವಾರ ಮಧ್ಯಾಹ್ನ ಮುದುಕ ಬಾಗಿಲಲ್ಲಿ ನಿಂತಿದ್ದ. ವಿಶ್ವನಾಥಪ್ಪಾ ಎಂದೆ. ಹೂಂ ಅಂದ. ತಾಟು ಇಟ್ಟೆ. ಅವನು ಎಡಗೈಯಿಂದ ತುತ್ತು ಬಾಯಿಗಿಟ್ಟಂತೆಲ್ಲ ನನ್ನ ಹೊಟ್ಟೆಗೆ ಬಿಸಿ ಅನ್ನ ಇಳಿಯುತ್ತಿತ್ತು. ನಲವತ್ತೈದು ದಿನಕ್ಕೆ ಮೊದಲ ಸಲ ತೇಗಿದೆ. ಏಳುವಾಗ ಅವನು, ಇಲ್ಲಿ ನೀಡುತ್ತಿದ್ದ ತಾಯಿ ಎಲ್ಲಿ, ಇನ್ನು ಅವಳು ನೀಡಿದರೇ ಉಣ್ಣುವುದು ಎಂದು ಹೇಳಿ ಹೋದ. ನಿನ್ನೆ ಬರಲಿಲ್ಲ, ಇವತ್ತೂ ಇಲ್ಲ. ನನ್ನ ಹಸಿವು ಮಾತ್ರ ಮರಳಿ ಬಂದಿದೆ. ಹೀಗೇ ಇನ್ನೊಂದು ತಿಂಗಳು ಹೋದರೆ ನಾನು ಉಳಿಯುವುದಿಲ್ಲ. ಬಾ.

ಯಾರಿಗೆ ಏನು ಸಿಕ್ಕಿತು ಎಂದರೆ: ಸುಧೀರನಿಗೆ ನಲವತ್ತು ದಿನದ ಉಪವಾಸ, ಪೂರ್ತಿ. ವಿಶ್ವನಾಥಪ್ಪನಿಗೆ ಒಂದು ಊಟ. ನನಗೆ ಒಂದು ಮಧ್ಯಾಹ್ನ. ನಿನಗೆ ಸಂಭಾಜಿನಗರದಲ್ಲಿ ನಿನ್ನ ಅಣ್ಣನ ಮನೆಯ ಒಂದು ಮೂಲೆ.

ದಾರಿ ನೋಡುತ್ತಿರುವ,
ಶರಣಬಸವ

ತಾ.ಕ.: ಹುಟ್ಟಿಸಿದೆ ಎಂದೆನಲ್ಲ, ಅದು ಅರ್ಧ ಸುಳ್ಳು. ಕಳೆದ ವರ್ಷ ನೀನು ನೀಡಿದ ತಾಟನ್ನು ನಾನು ಕಸಿದುಕೊಂಡು ಹೊರಗೆ ದಬ್ಬಿದ ಮುದುಕ, ಯಾರ ಸಲುವಾಗಿ ನೀನು ಮನೆ ಬಿಟ್ಟೆಯೋ, ಅವನೇ. ಅದೇ ವಾರ ನಿಫಾಡ್‌ನಲ್ಲಿ ತೀರಿಕೊಂಡನೆಂದು ಕೇಳಿದ್ದೆ; ನಿನಗೆ ಹೇಳಲಿಲ್ಲ. ಹೆಸರು ಮಾತ್ರ ನಾನಿಟ್ಟದ್ದು. ಅವನ ನಿಜವಾದ ಹೆಸರು ನಿನಗೆ ಗೊತ್ತಿದ್ದರೆ ಬರೆ. ಬಾಗಿಲಲ್ಲಿ ನಿಂತು ಕರೆಯಬೇಕಾಗಿದೆ.