ಒಬ್ಬರಿಗೋ, ಇಬ್ಬರಿಗೋ?

ಶನಿವಾರ ಮಧ್ಯಾಹ್ನ, ಮಾರ್ಚ್ ೧೪

ನನ್ನ ಮುದ್ದು ತಂಗೀ,

ಎರಡು ಕಾಗದ ಹಾಕಿದರೂ ಅಕ್ಕ ತುಟಿ ಬಿಚ್ಚಲಿಲ್ಲ ಎಂದು ಬೈದುಕೊಂಡಿರುತ್ತೀ. ಬೈಯಿ, ನಿನ್ನ ತಪ್ಪೇನಿಲ್ಲ. ನಿನ್ನ ಸೊಂಟನೋವು ಹೇಗಿದೆ? ಚಿಕ್ಕವಳ ಪರೀಕ್ಷೆ ಮುಗಿಯಿತೇ? ನಾನು ಹೊಲಿಗೆ ಅಂಗಡಿಯ ಬಾಗಿಲು ಹಾಕಿ ವಾರವಾಯಿತು. ನಾಳೆ ಬೆಳಿಗ್ಗೆ ನಿನ್ನ ಭಾವ ನಮ್ಮ ವಿಮಾನವನ್ನು ಮೊದಲ ಸಲ ಹಾರಿಸುತ್ತಾರೆ. ನನಗೆ ಕೈಕಾಲೇ ಆಡುತ್ತಿಲ್ಲ, ಅದಕ್ಕೇ ನಿನಗೆ ಬರೆಯುತ್ತ ಕೂತಿದ್ದೇನೆ.

ಶೆಡ್ಡಿನಲ್ಲಿ ಕೊಳವೆಗಳನ್ನು ಬೆಸೆದವರು ಅವರು, ರೆಕ್ಕೆಯ ಬಟ್ಟೆಯನ್ನೆಲ್ಲ ಹೊಲಿದವಳು ನಾನು. ಇಂಜಿನ್ನು ಗುಜರಿಗೆ ಬಂದ ಕಾರಿನದು, ರೋಟರಿ. ಅದರಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ಕಬ್ಬಿಣದ ಗಟ್ಟಿಯೊಂದು ಒಳಗೇ ಗರಗರ ಸುತ್ತುತ್ತದೆ. ಜೋರಾಗಿ ಸುತ್ತಿದರಷ್ಟೇ ಅದಕ್ಕೆ ಕಸುವು, ನಿಧಾನಿಸಿದರೆ ಶುದ್ಧ ಸೋಮಾರಿ. ಹಾಗಾಗಿ ಮೂತಿಯಲ್ಲಿ ಸುತ್ತುವ ಮರದ ಪ್ರೊಪೆಲ್ಲರ್ ಆರಿಸುವುದೇ ದೊಡ್ಡ ಪೇಚಾಟವಾಯಿತು. ನನ್ನನ್ನು ಒಪ್ಪಿಕೊಳ್ಳುವಾಗಲೂ ನಿನ್ನ ಭಾವ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಅದರ ಅಲಗಿನ ತಿರುವು ಕಡಿಮೆಯಿದ್ದರೆ ಅದು ಕಾರಿನ ಮೊದಲ ಗೇರಿನ ಹಾಗೆ: ಭಾರ ಹೊತ್ತು ಬೇಗ ಮೇಲೇರುತ್ತದೆ, ಓಟ ಕಡಿಮೆ. ತಿರುವು ಹೆಚ್ಚಿದ್ದರೆ ಓಟ ಚೆನ್ನ, ಆದರೆ ಏರುವಾಗ ಇಂಜಿನ್ನು ತಿಣುಕುತ್ತದೆ. ನಮ್ಮ ಮೈದಾನವೋ ಚಿಕ್ಕದು, ಅದರ ಕೊನೆಯಲ್ಲಿ ವಿದ್ಯುತ್ ತಂತಿ. ಆದರೂ ಭಾವ ಓಟದ್ದನ್ನೇ ತರಿಸಿದರು.

ಇಂಜಿನ್ನು ಚಾಲೂ ಮಾಡುವ ದಿನ ಬಾಲವನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿ, ಗಾಲಿಗಳ ಮುಂದೆ ಕಲ್ಲಿಟ್ಟೆವು. ಹಿಂದೆ ಯಾರು ಇಡುತ್ತಾರೆ ಹೇಳು? ಹಗ್ಗ ಎಷ್ಟು ಬಿಗಿಯುತ್ತದೆಂದು ನೋಡಲು ನಾನು ಕಂಬದ ಪಕ್ಕ ನಿಂತೆ. ಸದ್ದು ಏರಿತು. ಹಗ್ಗ ಬಿಗಿಯುವ ಬದಲು ಜೋಲು ಬಿತ್ತು. ನೋಡಿದರೆ ವಿಮಾನ ಹಿಂದಕ್ಕೆ, ನನ್ನ ಮೇಲೇ ಬರುತ್ತಿದೆ! ಚೀರಿಕೊಂಡು ಕಂಬದ ಆಚೆ ಹಾರಿದೆ. ಬಾಲ ಕಂಬಕ್ಕೆ ಬಡಿದು ನಿಂತಿತು.

ಎಡವಟ್ಟಾಗಿದ್ದು ಒಂದೇ ಒಂದು ಮಾತಿನಿಂದ. ಜೀವಮಾನವಿಡೀ ಗ್ಯಾರೇಜಿನಲ್ಲಿ ಇಂಜಿನ್ನಿನ ಎದುರಿಗೆ ನಿಂತು ಕೆಲಸ ಮಾಡಿದ ನಿನ್ನ ಭಾವ, ಪ್ರೊಪೆಲ್ಲರ್ ಕೆತ್ತುವವನಿಗೆ ಫೋನಿನಲ್ಲಿ "ಬಲಕ್ಕೆ ತಿರುಗುತ್ತೆ" ಎಂದಿದ್ದರು. ಅವನು ಸೀಟಿನಲ್ಲಿ ಕೂತವರ ಬಲ ಎಂದುಕೊಂಡ. ಪೂರಾ ಉಲ್ಟಾ ಕೆತ್ತಿ ಕಳಿಸಿದ. ಭಾವ ಅವನ ಮೇಲೆ ಕೂಗಾಡಿ ಫೋನ್ ಇಟ್ಟರು. ಮತ್ತೆ ಮಾತಾಡಲು ಮುಖವಿಲ್ಲದೆ ಮರುದಿನ ಫೋನನ್ನು ನನ್ನ ಕೈಗೆ ತುರುಕಿ ಹೊರಗೆ ಹೋದರು.

"ಯಾರ ಬಲ ಅಂತ ನಾನೂ ಕೇಳ್ಬೇಕಿತ್ತಮ್ಮ," ಎಂದು ಅವನು ಪೇಚಾಡಿದ. "ಈ ಸಲ ಎಲ್ಲಾ ಮೊದಲಿಂದ ಕೇಳ್ತೀನಿ. ಬೇಗ ಏರ್ಬೇಕಾ, ಬೇಗ ಓಡ್ಬೇಕಾ? ಒಬ್ಬರಿಗಾ, ಇಬ್ಬರಿಗಾ?"

"ಇಬ್ಬರಿಗೆ," ಎಂದೆ.

"ಯಜಮಾನರು ಒಬ್ಬರೇ ಅಂದಿದ್ರಲ್ಲಾ? ಯಾವಾಗಲೂ ಒಬ್ಬರೇ ಅಂತ."

ವಿಮಾನದಲ್ಲಿರುವುದು ಎರಡು ಸೀಟು, ತಂಗೀ. ದನಿ ಬದಲಿಸದೆ, "ಇಬ್ಬರಿಗೇ. ಬೇಗ ಏರೋದನ್ನೇ ಮಾಡಿ," ಎಂದೆ.

ಹೊಸ ಪ್ರೊಪೆಲ್ಲರ್ ಗುರುವಾರ ಬಂತು. ಭಾವ ಅದರ ನಡುವೆ ಕೊರೆದಿದ್ದ ತಿರುವಿನ ಅಂಕಿ ಓದಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು.

"ಇದು ಹೊರೆ ಹೊರೋದು. ಯಾರು ಹೇಳಿದ್ದು?"

"ನಾನೇ."

"ಇದನ್ನ ಹಾಕ್ಕೊಂಡು ಹೋದ್ರೆ ಸೈಕಲ್ಲಿನವರೂ ನನ್ನ ದಾಟ್ಕೊಂಡು ಹೋಗ್ತಾರೆ."

"ಹೋಗಲಿ ಬಿಡಿ. ತಂತಿ ದಾಟಿದ್ರೆ ಸಾಕು."

ಮೂರನೆಯದಕ್ಕೆ ಕಾಯುವ ತಾಳ್ಮೆ ಅವರಿಗಿಲ್ಲ. ಹಲ್ಲು ಕಚ್ಚಿಕೊಂಡು ಅದನ್ನೇ ಬಿಗಿದರು. ಇಂಜಿನ್ನು ಮೈಬಿಚ್ಚಿ ಕೂಗಿತು, ಹಗ್ಗ ಸೆಟೆದು ಕಂಬ ಅಲ್ಲಾಡಿತು. ಇದೇ ಸರಿಯೆಂದು ಅವರಿಗೂ ಗೊತ್ತಾಯಿತು. ಆಮೇಲೆ ನಮ್ಮ ನಡುವೆ, ನಿನ್ನೆ ನಾನು ಕೇಳಿದ ಒಂದು ಪ್ರಶ್ನೆ ಬಿಟ್ಟರೆ, ಪಾನಾ ಕೊಡು, ತಗೋ ಎಂಬುದರಾಚೆ ಮಾತು ಬೆಳೆದಿಲ್ಲ. ಈಗಲೂ ಶೆಡ್ಡಿನಲ್ಲಿ ಅದೇ ಬೋಲ್ಟನ್ನು ತಿರುತಿರುಗಿ ಬಿಗಿಯುವ ಸದ್ದು ಕೇಳುತ್ತಿದೆ. ಅವರಿಗೂ ಭಯವಿದೆ.

ಮೊದಲ ಹಾರಾಟಕ್ಕೆ ಒಬ್ಬರೇ ಹೋಗಬೇಕು, ಅಷ್ಟು ನನಗೂ ಗೊತ್ತು. ನಾಳೆ ನಾನು ಮೈದಾನದ ಕೊನೆಯಲ್ಲಿ, ತಂತಿಯ ಹತ್ತಿರ ನಿಂತಿರುತ್ತೇನೆ. ಈ ಕಾಗದವನ್ನು ನಿಮ್ಮೂರಿನ ಸಂಜೆ ಬಸ್ಸಿನವರ ಕೈಲಿ ಕಳಿಸುತ್ತೇನೆ, ರಾತ್ರಿಗೇ ನಿನಗೆ ಸಿಗುತ್ತದೆ. ದಾಟಿದ ತಕ್ಷಣ ನಿನಗೆ ಫೋನ್ ಮಾಡುತ್ತೇನೆ. ನೀನಾಗಿ ಮಾಡಬೇಡ, ಗಂಟೆ ಬಾರಿಸಿದರೆ ನನ್ನ ಜೀವ ಬಾಯಿಗೆ ಬರುತ್ತದೆ.

ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಗುನಗುತ್ತಿರಲಿ.

ನಿನ್ನ
ಅಕ್ಕ

ತಾ.ಕ.: ಒಬ್ಬರೇ ಅಂತ ಯಾಕೆ ಹೇಳಿದ್ರಿ ಎಂದು ನಿನ್ನೆ ಕೇಳಿಯೇಬಿಟ್ಟೆ. ನಿನ್ನ ಜೀವಕ್ಕೆ ಹೆದರಿ ಹೇಳಿದೆ ಎಂದಿದ್ದರೆ, ಸುಳ್ಳೆಂದು ಗೊತ್ತಿದ್ದೂ ನಂಬಿಬಿಡುತ್ತಿದ್ದೆ. ಆದರೆ ನಿನ್ನ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೈ ಒರೆಸಿಕೊಳ್ಳುತ್ತ ತುಂಬ ಹೊತ್ತು ಯೋಚಿಸಿ, "ನಿಜ ಹೇಳ್ಬೇಕಂದ್ರೆ, ನೀನೂ ಬರ್ತೀಯ ಅಂತ ನನಗೆ ಹೊಳೀಲೇ ಇಲ್ಲ," ಎಂದರು.